ಸದಾ ಜನ ಇರುವ ಜಾಗಕ್ಕೆ ಸ್ಪ್ರಿಂಕ್ಲರ್ ಬೇಡ ಎಂದಾಗ: ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಪ್ರಕರಣ

ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನ ಬೆಂಕಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1980ರ ನವೆಂಬರ್ 21ರ ಬೆಳಗ್ಗೆಯಿಂದ ಶುರು ಮಾಡುತ್ತಾರೆ. ನಾನು ಅದಕ್ಕೂ ಮುಂಚಿನಿಂದ, ಕಟ್ಟಡ ಇನ್ನೂ ಏಳುತ್ತಿದ್ದ ದಿನಗಳಿಂದ ಶುರು ಮಾಡುತ್ತೇನೆ. ಯಾಕೆಂದರೆ ಆ ಬೆಳಗ್ಗೆ 85 ಜನರನ್ನು ಕೊಂದ ಬೆಂಕಿ ಅಷ್ಟು ದೊಡ್ಡದಾಗಲು ಕಾರಣವಾದ ತೀರ್ಮಾನವನ್ನು ಒಂದು ಸರ್ಕಾರಿ ಕಚೇರಿ ಬೆಂಕಿಗೆ ಏಳೆಂಟು ವರ್ಷ ಮೊದಲೇ ತೆಗೆದುಕೊಂಡಿತ್ತು. (ನಂತರ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನೂ ಸೇರಿಸಿ 87 ಎಂದು ಲೆಕ್ಕ ಹಾಕುವವರೂ ಇದ್ದಾರೆ.)

ಮೊದಲು ಜಾಗದ ಬಗ್ಗೆ ಒಂದು ಮಾತು. ಲಾಸ್ ವೇಗಸ್‌ನ ದೊಡ್ಡ ಹೋಟೆಲ್‌ಗಳೆಲ್ಲ ಸಾಲಾಗಿ ನಿಂತಿರುವ ರಸ್ತೆಯ ಬಹುಪಾಲು ಲಾಸ್ ವೇಗಸ್ ನಗರದ ಆಡಳಿತಕ್ಕೆ ಸೇರಿಲ್ಲ. ಅದು ಕ್ಲಾರ್ಕ್ ಕೌಂಟಿಯ ಆಡಳಿತದಲ್ಲಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಗೆ ಹತ್ತಿರದ್ದು ಅಂದುಕೊಳ್ಳಿ, ಆದರೆ ಅದಕ್ಕೆ ತನ್ನದೇ ಕಟ್ಟಡ ವಿಭಾಗ, ತನ್ನದೇ ಅಗ್ನಿಶಾಮಕ ದಳ ಇರುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಟ್ಟಡ ಕಾನೂನು ಇಲ್ಲ. ಯಾವುದೋ ಸಂಸ್ಥೆ ಒಂದು ಮಾದರಿ ಸಂಹಿತೆ ಬರೆಯುತ್ತದೆ, ಊರು ಅಥವಾ ಕೌಂಟಿ ಅದನ್ನು ತನ್ನ ನಿಯಮವಾಗಿ ಒಪ್ಪಿಕೊಳ್ಳುತ್ತದೆ, ಬೇಕಾದಲ್ಲಿ ತಿದ್ದಿಕೊಳ್ಳುತ್ತದೆ. ಎಂಜಿಎಂ ಗ್ರ್ಯಾಂಡ್ ಕಟ್ಟುವಾಗ ಕ್ಲಾರ್ಕ್ ಕೌಂಟಿಯಲ್ಲಿ ಜಾರಿಯಲ್ಲಿದ್ದದ್ದು ಯೂನಿಫಾರ್ಮ್ ಬಿಲ್ಡಿಂಗ್ ಕೋಡ್‌ನ 1970ರ ಆವೃತ್ತಿ. ಅದರ ಸಾಲುಗಳನ್ನು ಈ ಕಟ್ಟಡಕ್ಕೆ ಹೇಗೆ ಅನ್ವಯಿಸಬೇಕು ಅಂತ ಹೇಳುವ ಕೊನೆಯ ಅಧಿಕಾರ ಇದ್ದದ್ದು ಕೌಂಟಿಯ ಕಟ್ಟಡ ಅಧಿಕಾರಿಗಳ ಕೈಯಲ್ಲಿ.

ಹೋಟೆಲ್ 1973ರ ಡಿಸೆಂಬರ್‌ನಲ್ಲಿ ತೆರೆಯಿತು. 26 ಅಂತಸ್ತು, ಸುಮಾರು 2,100 ಕೋಣೆಗಳು, ಕೆಳಗೆ ಒಂದು ಭಾರೀ ಕ್ಯಾಸಿನೋ ಹಾಲ್ (ಜೂಜಾಡುವ ಜಾಗ), ಅದರ ಸುತ್ತ ರೆಸ್ಟೋರೆಂಟ್‌ಗಳು, ಪ್ರದರ್ಶನ ಮಂದಿರಗಳು, ಅಂಗಡಿ ಸಾಲು, ಸಮ್ಮೇಳನ ಸಭಾಂಗಣಗಳು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಹೋಟೆಲ್‌ಗಳಲ್ಲಿ ಒಂದು.

ಈಗ ಸ್ಪ್ರಿಂಕ್ಲರ್, ಅಂದರೆ ಬೆಂಕಿಯ ಬಿಸಿಗೆ ತಾನೇ ತೆರೆದುಕೊಂಡು ಚಾವಣಿಯಿಂದ ನೀರು ಸುರಿಸುವ ವ್ಯವಸ್ಥೆಯ ವಿಷಯಕ್ಕೆ ಬರೋಣ. ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲೇ ಇಲ್ಲ ಅಂತ ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಅಂಗಡಿ ಸಾಲಿನಲ್ಲಿ ಇತ್ತು, ಪ್ರದರ್ಶನ ಮಂದಿರಗಳಲ್ಲಿ ಇತ್ತು, ಸಮ್ಮೇಳನದ ಕಡೆ ಇತ್ತು. ಇಲ್ಲದಿದ್ದದ್ದು ಕ್ಯಾಸಿನೋದಲ್ಲಿ, ಅದಕ್ಕೆ ಅಂಟಿಕೊಂಡಿದ್ದ ರೆಸ್ಟೋರೆಂಟ್‌ಗಳಲ್ಲಿ, ಮತ್ತು ಜನ ಮಲಗುವ ಗೋಪುರದ ಬಹುಪಾಲು ಅಂತಸ್ತುಗಳಲ್ಲಿ. ಕ್ಯಾಸಿನೋಗೂ ಹಾಕಿ ಅಂತ ಅಗ್ನಿಶಾಮಕ ಅಧಿಕಾರಿಗಳು ಒತ್ತಾಯಿಸಿದ್ದರು. ಅದಕ್ಕೆ ಆಗುತ್ತಿದ್ದ ಖರ್ಚು 1,92,000 ಡಾಲರ್ ಅಂತ ನಂತರ ಹೊರಬಂತು. ಹೋಟೆಲ್‌ನವರು ಒಪ್ಪಲಿಲ್ಲ. ಕೌಂಟಿಯ ಕಟ್ಟಡ ವಿಭಾಗ ಹೋಟೆಲ್‌ನವರ ಪರ ನಿಂತಿತು, ವಿನಾಯಿತಿ ಕೊಟ್ಟಿತು.

ವಿನಾಯಿತಿಗೆ ಕೊಟ್ಟ ಕಾರಣ ಇದು: ಈ ಜಾಗಗಳಲ್ಲಿ ದಿನದ 24 ಗಂಟೆಯೂ ಜನ ಇರುತ್ತಾರೆ. ಬೆಂಕಿ ಹತ್ತಿದರೆ ಯಾರಾದರೂ ತಕ್ಷಣ ನೋಡುತ್ತಾರೆ, ಗೋಡೆಗೆ ತೂಗುಹಾಕಿದ, ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಆರಿಸುತ್ತಾರೆ.

ಕೇಳಿದರೆ ಸರಿ ಅನ್ನಿಸುತ್ತದೆ. ಸಭೆಯಲ್ಲಿ ಇದನ್ನು ಹೇಳಿದಾಗ ಬಹಳ ಜನ ತಲೆ ಆಡಿಸಿರಬಹುದು. ಆದರೆ ಇದರಲ್ಲಿ ಮೂರು ಊಹೆಗಳು ಒಂದರೊಳಗೊಂದು ಸೇರಿಕೊಂಡಿವೆ. ಬೆಂಕಿ ಕಣ್ಣಿಗೆ ಬೀಳುವ ಜಾಗದಲ್ಲೇ ಹುಟ್ಟುತ್ತದೆ ಅನ್ನುವುದು ಒಂದು. ನೋಡಿದವರಿಗೆ ಆರಿಸುವಷ್ಟು ಹೊತ್ತು ಸಿಗುತ್ತದೆ ಅನ್ನುವುದು ಇನ್ನೊಂದು. ಇವೆರಡಕ್ಕಿಂತ ಮುಖ್ಯವಾದದ್ದು, ಈ ಜಾಗ ಇವತ್ತು ಹೇಗೆ ಬಳಕೆಯಲ್ಲಿದೆಯೋ ನಾಳೆಯೂ, ಹತ್ತು ವರ್ಷದ ನಂತರವೂ ಹಾಗೇ ಇರುತ್ತದೆ ಅನ್ನುವ ಊಹೆ. ಅಧಿಕಾರಿ ಸಹಿ ಹಾಕಿದ್ದು ಅವತ್ತಿನ ಬಳಕೆಗೆ. ವಿನಾಯಿತಿ ಉಳಿದದ್ದು ಕಟ್ಟಡಕ್ಕೆ. ನಡುವಿನ ಈ ವ್ಯತ್ಯಾಸವೇ ನನ್ನ ಪ್ರಕಾರ ಇಡೀ ಪ್ರಕರಣ.

ಬಳಕೆ ಬದಲಾಯಿತು. ಕ್ಯಾಸಿನೋ ಪಕ್ಕದಲ್ಲಿ 'ದಿ ಡೆಲಿ' ಅನ್ನುವ ರೆಸ್ಟೋರೆಂಟ್ ಇತ್ತು. 1980ರ ಹೊತ್ತಿಗೆ ಅದು 24 ಗಂಟೆ ತೆರೆದಿರುವುದನ್ನು ನಿಲ್ಲಿಸಿತ್ತು. ರಾತ್ರಿ ಬಾಗಿಲು ಹಾಕುತ್ತಿದ್ದರು. ಹೋಟೆಲ್ ವ್ಯಾಪಾರದ ದೃಷ್ಟಿಯಿಂದ ಇದೇನೂ ದೊಡ್ಡ ವಿಷಯ ಅಲ್ಲ, ರಾತ್ರಿ ಗಿರಾಕಿ ಕಡಿಮೆ ಇದ್ದರೆ ಯಾರಾದರೂ ಮುಚ್ಚುತ್ತಾರೆ. ಆದರೆ ಸ್ಪ್ರಿಂಕ್ಲರ್ ಬೇಡ ಅನ್ನಲು ಇದ್ದ ಒಂದೇ ಕಾರಣ ಆ ಬಾಗಿಲು ಹಾಕಿದ ರಾತ್ರಿಯೇ ಮುಗಿದುಹೋಗಿತ್ತು. ಪೈಪು ಹಾಕಿ ಅಂತ ಯಾರೂ ಬಂದು ಹೇಳಲಿಲ್ಲ. ಹೇಳಬೇಕಾದದ್ದು ಯಾರ ಕೆಲಸ ಅಂತಲೂ ಎಲ್ಲಿಯೂ ನಿಗದಿ ಆಗಿರಲಿಲ್ಲ.

ಬೆಂಕಿ ಹುಟ್ಟಿದ್ದು ಆ ಡೆಲಿಯಲ್ಲೇ.

ಗೋಡೆಯೊಳಗೆ

ಡೆಲಿಯಲ್ಲಿ ಕೇಕು, ಪೇಸ್ಟ್ರಿ ಇಡುವ ತಣ್ಣನೆಯ ಗಾಜಿನ ಶೋಕೇಸ್ ಇತ್ತು. ಅದರ ಕಂಪ್ರೆಸರ್ ಬೇರೆ ಕಡೆ ಇತ್ತು, ಅಲ್ಲಿಂದ ತಾಮ್ರದ ಪೈಪು ಮತ್ತು ವಿದ್ಯುತ್ ತಂತಿ ಎರಡೂ ಗೋಡೆಯ ಒಳಭಾಗದಲ್ಲಿ, ಚಾವಣಿ ಹತ್ತಿರದ ಪೊಳ್ಳಿನಲ್ಲಿ ಹಾದುಬಂದಿದ್ದವು. ತಂತಿ ಇದ್ದದ್ದು ಬಾಗುವ ಅಲ್ಯೂಮಿನಿಯಂ ಕೊಳವೆಯೊಳಗೆ. ಆ ಕೊಳವೆಯೇ ಅರ್ತಿಂಗ್ ಕೂಡ ಆಗಬೇಕಿತ್ತು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ, ಜೊತೆಗೆ ತೇವ ಇದ್ದರೆ, ಅಲ್ಯೂಮಿನಿಯಂ ನಿಧಾನವಾಗಿ ತಿಂದುಹೋಗುತ್ತದೆ. ಕಂಪ್ರೆಸರ್‌ನ ಅದುರಿನಿಂದ ತಿಕ್ಕಾಟ ಬೇರೆ. ವರ್ಷಗಟ್ಟಲೆ ಹೀಗೆ ನಡೆದು ಕೊಳವೆ ಸವೆಯಿತು, ತಂತಿಯ ಮೇಲಿನ ಹೊದಿಕೆ ಹೋಯಿತು, ಅರ್ತಿಂಗ್ ಸರಿ ಇರಲಿಲ್ಲವಾದ್ದರಿಂದ ಫ್ಯೂಸ್ ಹಾರುವ ಬದಲು ತಂತಿ ಬಿಸಿಯಾಗುತ್ತಾ ಹೋಯಿತು. ಸುತ್ತಲಿನ ವಸ್ತುವಿಗೆ ಕಿಡಿ ತಾಗಿತು. ಹೊತ್ತಿ ಉರಿಯುವ ಮೊದಲು ಗೋಡೆಯೊಳಗೇ ಸಾಕಷ್ಟು ಹೊತ್ತು ಕನಲುತ್ತಾ ಇತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಇಲ್ಲಿ ಗಮನಿಸಿ. ರೆಸ್ಟೋರೆಂಟ್ ತೆರೆದೇ ಇದ್ದಿದ್ದರೂ ಈ ಬೆಂಕಿ ಶುರುವಿನಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಗೆಯ ವಾಸನೆ ಬರಬಹುದಿತ್ತು, ಅಷ್ಟೆ. ಚಾವಣಿಯಲ್ಲಿ ಒಂದು ಡಿಟೆಕ್ಟರ್ ಇದ್ದಿದ್ದರೆ, ಹೊಗೆ ಗೋಡೆಯಿಂದ ಹೊರಗೆ ಬಂದ ಹೊತ್ತಿಗೆ ಅದು ಕೂಗುತ್ತಿತ್ತು, ಕೋಣೆಯಲ್ಲಿ ಮನುಷ್ಯರು ಇರಲಿ ಬಿಡಲಿ. ಅಡುಗೆ ನಡೆಯುವ ಜಾಗದಲ್ಲಿ ಹೊಗೆ ಗುರುತಿಸುವ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತದೆ ಅಂತ ಶಾಖ ಗುರುತಿಸುವುದನ್ನು ಹಾಕುತ್ತಾರೆ. ಡೆಲಿಯಲ್ಲಿ ಎರಡೂ ಇರಲಿಲ್ಲ.

ಬೆಳಗ್ಗೆ ಏಳು ಗಂಟೆ ದಾಟಿ ಕೆಲವೇ ನಿಮಿಷ ಆಗಿತ್ತು. ಟೈಲ್ಸ್ ಕೆಲಸದವರೊಬ್ಬರು ಮುಚ್ಚಿದ್ದ ಡೆಲಿಗೆ ಬಂದಾಗ ಬೆಂಕಿ ಕಂಡಿತು. ಅಷ್ಟು ಹೊತ್ತಿಗೆ ಅದು ಸಿಲಿಂಡರ್‌ಗೆ ಬಗ್ಗುವ ಹಂತ ದಾಟಿತ್ತು. ಅಗ್ನಿಶಾಮಕ ದಳಕ್ಕೆ ಕರೆ ಹೋದದ್ದು 7:17ರ ಸುಮಾರಿಗೆ. ಠಾಣೆ ಹತ್ತಿರದಲ್ಲೇ ಇತ್ತು, ಗಾಡಿ ಬೇಗ ಬಂತು. ಮೊದಲು ಒಳಗೆ ಹೋದ ಸಿಬ್ಬಂದಿ ಕ್ಯಾಸಿನೋದಲ್ಲಿ ನಿಂತಿದ್ದಾಗಲೇ ಡೆಲಿ ಕಡೆಯಿಂದ ಬೆಂಕಿಯ ಉಂಡೆ ಹೊರಗೆ ಉರುಳಿಬಂತು. ಅವರು ತಿರುಗಿ ಓಡಬೇಕಾಯಿತು. ಬೆಂಕಿ ಸೆಕೆಂಡಿಗೆ 15ರಿಂದ 19 ಅಡಿ ವೇಗದಲ್ಲಿ ಹಾಲ್ ಉದ್ದಕ್ಕೂ ಹೋಯಿತು ಅಂತ ಅಂದಾಜು. ಅಂದರೆ ಬಹಳ ಜನ ಓಡುವ ವೇಗ. ಮುಂಬಾಗಿಲು ಒಡೆದು ಹೊರಗಿನ ಕಾರು ನಿಲ್ಲುವ ಮಾಡಿನವರೆಗೂ ಚಾಚಿತು. ಕೆಲವೇ ನಿಮಿಷಗಳಲ್ಲಿ ಇಡೀ ಕ್ಯಾಸಿನೋ ಉರಿಯುತ್ತಿತ್ತು.

ಇಷ್ಟು ವೇಗ ಯಾಕೆ? ಕ್ಯಾಸಿನೋ ಒಳಗೆ ಇದ್ದದ್ದೆಲ್ಲ ಹಾಗೇ. ಪ್ಲಾಸ್ಟಿಕ್ ಅಲಂಕಾರ, ಫೋಮ್ ಹಾಕಿದ ಕುರ್ಚಿಗಳು, ಗೋಡೆಗೆ ಅಂಟಿಸಿದ ಹೊದಿಕೆಗಳು, ಅಂಟು, ಫಾಲ್ಸ್ ಸೀಲಿಂಗ್ ಮೇಲೆ ದೊಡ್ಡ ಖಾಲಿ ಜಾಗ. ಬೆಂಕಿಯನ್ನು ತಡೆಯುವ ಗೋಡೆ ನಡುವೆ ಇಲ್ಲ. ಸಣ್ಣದಾಗಿದ್ದಾಗಲೇ ನೀರು ಬೀಳದಿದ್ದರೆ ಇಂಥ ಹಾಲ್‌ನಲ್ಲಿ ಮತ್ತೆ ತಡೆಯುವ ಅವಕಾಶ ಸಿಗುವುದಿಲ್ಲ.

ಸತ್ತವರು ಎಲ್ಲಿದ್ದರು

ಈ ಭಾಗ ಓದುವಾಗ ಕಷ್ಟ ಆಗುತ್ತದೆ, ಆದರೆ ನಿಯಮ ಯಾಕೆ ಬೇಕು ಅನ್ನುವುದು ಇಲ್ಲೇ ಅರ್ಥವಾಗುವುದು. ಬೆಂಕಿ ಉರಿದದ್ದು ಕೆಳಗೆ. ಕ್ಯಾಸಿನೋ ಅಂತಸ್ತಿನಲ್ಲಿ ಸತ್ತವರು 18 ಜನ. ಜ್ವಾಲೆಯೇ ಮುಟ್ಟದ ಗೋಪುರದಲ್ಲಿ ಸತ್ತವರು 61 ಜನ, ಅವರಲ್ಲಿ ಹೆಚ್ಚಿನವರು ತೀರಾ ಮೇಲಿನ ಅಂತಸ್ತುಗಳಲ್ಲಿದ್ದವರು. ಆ 61ರಲ್ಲಿ 25 ಜನ ತಮ್ಮ ಕೋಣೆಗಳಲ್ಲಿ, 22 ಜನ ಪಡಸಾಲೆಗಳಲ್ಲಿ, 9 ಜನ ಮೆಟ್ಟಿಲುಗಳಲ್ಲಿ, 5 ಜನ ಲಿಫ್ಟ್‌ಗಳಲ್ಲಿ ಸಿಕ್ಕರು. ಅವರನ್ನು ಕೊಂದದ್ದು ಹೊಗೆ, ಅದರಲ್ಲಿದ್ದ ಕಾರ್ಬನ್ ಮೊನಾಕ್ಸೈಡ್.

ಹೊಗೆ ಇಪ್ಪತ್ತಕ್ಕೂ ಹೆಚ್ಚು ಅಂತಸ್ತು ಹತ್ತಿದ್ದು ಹೇಗೆ? ಲಿಫ್ಟ್ ಶಾಫ್ಟ್‌ಗಳಲ್ಲಿ. ಮೆಟ್ಟಿಲ ಗೂಡುಗಳಲ್ಲಿ. ಭೂಕಂಪಕ್ಕೆಂದು ಕಟ್ಟಡದ ಭಾಗಗಳ ನಡುವೆ ಬಿಟ್ಟಿದ್ದ ಸಂದುಗಳಲ್ಲಿ, ಅವು ಕೆಳಗಿನಿಂದ ಮೇಲಿನವರೆಗೆ ಸರಿಯಾಗಿ ಮುಚ್ಚಿರಲಿಲ್ಲ. ಪೈಪು, ಡಕ್ಟ್ ಹೋಗಲು ಗೋಡೆಯಲ್ಲಿ ಕೊರೆದು ಹಾಗೇ ಬಿಟ್ಟಿದ್ದ ತೂತುಗಳಲ್ಲಿ. ಏಸಿ ಡಕ್ಟ್‌ನೊಳಗೆ ಬೆಂಕಿ, ಹೊಗೆ ತಡೆಯಲು ತಾನೇ ಮುಚ್ಚಿಕೊಳ್ಳುವ ಬಾಗಿಲುಗಳಿರುತ್ತವೆ, ಡ್ಯಾಂಪರ್ ಅಂತಾರೆ. ಕೆಲವು ಡ್ಯಾಂಪರ್‌ಗಳು ಮುಚ್ಚಲಾಗದ ಹಾಗೆ ಬೋಲ್ಟ್ ಹಾಕಿ ಬಿಗಿದಿದ್ದವು. ಏಸಿ ನಡೆಯುತ್ತಲೇ ಇತ್ತು, ಹೊಗೆಯನ್ನು ಮಲಗುವ ಕೋಣೆಗಳಿಗೆ ಕೊಂಡೊಯ್ಯುತ್ತಲೇ ಇತ್ತು. ಕಟ್ಟಡವೇ ಹೊಗೆಗೂಡಿನ ಹಾಗೆ ಕೆಲಸ ಮಾಡಿತು.

ಮೆಟ್ಟಿಲಿಗೆ ಓಡಿದವರ ಪಾಡು ಇನ್ನೂ ಕೆಟ್ಟದು. ಭದ್ರತೆಯ ಕಾರಣಕ್ಕೆ ಮೆಟ್ಟಿಲ ಬಾಗಿಲುಗಳು ಒಳಗೆ ಹೋದ ಮೇಲೆ ಹಿಂದೆ ಲಾಕ್ ಆಗುತ್ತಿದ್ದವು. ಒಮ್ಮೆ ಒಳಗೆ ಹೋದರೆ ಕೆಳಗೆ ನೆಲದಲ್ಲಿ ಅಥವಾ ಮೇಲೆ ತಾರಸಿಯಲ್ಲಿ ಮಾತ್ರ ಹೊರಗೆ ಬರಬಹುದು. ಅರ್ಧ ಇಳಿದ ಮೇಲೆ ಎದುರಿಗೆ ಹೊಗೆ ಬಂದರೆ, ಪಕ್ಕದ ಅಂತಸ್ತಿಗೆ ದಾಟಿಕೊಳ್ಳಲು ದಾರಿ ಇಲ್ಲ. ತಾರಸಿ ತಲುಪಿದವರಲ್ಲಿ ನೂರಾರು ಜನರನ್ನು ಹೆಲಿಕಾಪ್ಟರ್‌ಗಳು ಎತ್ತಿ ಕೆಳಗಿಳಿಸಿದವು. ಆ ಪೈಲಟ್‌ಗಳು, ಕೋಣೆ ಕೋಣೆಗೂ ಹೋಗಿ ಬಾಗಿಲು ಬಡಿದ ಅಗ್ನಿಶಾಮಕ ಸಿಬ್ಬಂದಿ ಇಲ್ಲದಿದ್ದರೆ ಸತ್ತವರ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತೋ. ಅವತ್ತು ಹೋಟೆಲ್‌ನಲ್ಲಿ ಸುಮಾರು 5,000 ಜನ ಇದ್ದರು.

ಅಲಾರಂ? ಕಟ್ಟಡದಲ್ಲಿ ಅಲಾರಂ ಇತ್ತು. ಆದರೆ ಅದು ತಾನಾಗಿ ಕೂಗುವ ಬಗೆಯದಲ್ಲ. ಮೊದಲು ಸೂಚನೆ ಸಿಬ್ಬಂದಿಗೆ ಹೋಗಬೇಕು, ಅವರು ನೋಡಿ, ಬೇಕು ಅನ್ನಿಸಿದರೆ, ಕೈಯಿಂದ ಇಡೀ ಕಟ್ಟಡದ ಗಂಟೆ ಬಾರಿಸಬೇಕು. ಅತಿಥಿಗಳಿಗೆ ಸುಮ್ನೆ ತೊಂದರೆ ಆಗಬಾರದು ಅಂತ ಹೋಟೆಲ್‌ಗಳಲ್ಲಿ ಆಗ ಇಂಥದ್ದೇ ವ್ಯವಸ್ಥೆ ಜಾಸ್ತಿ. ಬೆಂಕಿ ಬಂದ ವೇಗಕ್ಕೆ ಸಿಬ್ಬಂದಿಯೇ ಜಾಗ ಬಿಟ್ಟು ಓಡಬೇಕಾಯಿತು. ಗಂಟೆ ಬಾರಿಸಲಿಲ್ಲ. ಮೇಲೆ ಮಲಗಿದ್ದವರಿಗೆ ಗೊತ್ತಾದದ್ದು ಹೊಗೆಯ ವಾಸನೆಯಿಂದ, ಪಡಸಾಲೆಯ ಕೂಗಾಟದಿಂದ, ಹೊರಗಿನ ಸೈರನ್‌ನಿಂದ. ಕೆಲವರಿಗೆ ಗೊತ್ತಾಗಲೇ ಇಲ್ಲ.

ಅಂದರೆ ಸ್ಪ್ರಿಂಕ್ಲರ್ ವಿಷಯದಲ್ಲಿ ಮನುಷ್ಯನ ಕಣ್ಣನ್ನು ನಂಬಿದರು, ಅಲಾರಂ ವಿಷಯದಲ್ಲಿ ಮನುಷ್ಯನ ಕೈಯನ್ನು ನಂಬಿದರು. ಎರಡೂ ಒಂದೇ ಬೆಳಗ್ಗೆ ಕೈಕೊಟ್ಟವು. ಆ ಸಿಬ್ಬಂದಿಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಬೆಂಕಿ ಎದುರಿಗೆ ಬಂದಾಗ ಓಡದೆ ನಿಂತು ಸ್ವಿಚ್ ಒತ್ತಬೇಕು ಅಂತ ನಿರೀಕ್ಷಿಸುವ ವ್ಯವಸ್ಥೆಯನ್ನೇ ಒಪ್ಪಬಾರದಿತ್ತು.

ಬೆಂಕಿ ನಿಂತ ಜಾಗ

ತನಿಖೆ ಮಾಡಿದವರು ಕಂಡುಕೊಂಡ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಬೆಂಕಿ ಹರಡುತ್ತಾ ಸ್ಪ್ರಿಂಕ್ಲರ್ ಇದ್ದ ಭಾಗಗಳ ಅಂಚಿಗೂ ಬಂದಿತ್ತು. ಅಲ್ಲಿ ಸ್ಪ್ರಿಂಕ್ಲರ್‌ಗಳು ತೆರೆದುಕೊಂಡವು, ಬೆಂಕಿ ಅಲ್ಲಿಂದ ಮುಂದೆ ಹೋಗಲಿಲ್ಲ. ಅದೇ ಕಟ್ಟಡ, ಅದೇ ಬೆಳಗ್ಗೆ, ಅದೇ ಬೆಂಕಿ. ಅದೂ ಪೂರ್ತಿ ಬೆಳೆದ ಬೆಂಕಿ. ಡೆಲಿಯೊಳಗೆ ಅದು ಇನ್ನೂ ಚಿಕ್ಕದಾಗಿದ್ದಾಗ ಮೇಲಿನಿಂದ ನೀರು ಬಿದ್ದಿದ್ದರೆ ಬಹುಶಃ ಆ ಕೋಣೆಯಿಂದ ಆಚೆಯೇ ಬರುತ್ತಿರಲಿಲ್ಲ.

ಸ್ಪ್ರಿಂಕ್ಲರ್ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ, ಸಿನಿಮಾಗಳಲ್ಲಿ ನೋಡಿ ಬಂದದ್ದು: ಯಾರೋ ಬೀಡಿ ಹಚ್ಚಿದರೆ ಇಡೀ ಕಟ್ಟಡದಲ್ಲಿ ಒಟ್ಟಿಗೆ ಮಳೆ ಸುರಿಯುತ್ತದೆ ಅಂತ. ಹಾಗಿಲ್ಲ. ಹೆಚ್ಚಿನ ಸ್ಪ್ರಿಂಕ್ಲರ್ ತಲೆಗಳಲ್ಲಿ ದ್ರವ ತುಂಬಿದ ಒಂದು ಸಣ್ಣ ಗಾಜಿನ ಬುರುಡೆ ಇರುತ್ತದೆ. ಸಾಮಾನ್ಯವಾಗಿ ಕಾಣುವ ಕೆಂಪು ಬುರುಡೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಯಾವುದರ ಹತ್ತಿರ ಅಷ್ಟು ಬಿಸಿ ಆಯಿತೋ ಅದೊಂದೇ ತೆರೆಯುತ್ತದೆ, ಸುಮಾರು 12 ಚದರ ಮೀಟರ್ ಜಾಗಕ್ಕೆ ನೀರು ಹೊಡೆಯುತ್ತದೆ. ಸ್ಮೋಕ್ ಡಿಟೆಕ್ಟರ್‌ಗೂ ಅದಕ್ಕೂ ನೇರ ಸಂಬಂಧ ಇಲ್ಲ, ಹೊಗೆಗೆ ಅದು ತೆರೆಯುವುದಿಲ್ಲ. ಎಷ್ಟೋ ಬೆಂಕಿಗಳು ಒಂದೆರಡು ತಲೆ ತೆರೆದು ಅಲ್ಲಿಗೇ ಮುಗಿಯುತ್ತವೆ. ಒಳಾಂಗಣ ಹಾಳಾಗುತ್ತದೆ ಅಂತ ಸ್ಪ್ರಿಂಕ್ಲರ್ ಬೇಡ ಅನ್ನುವವರು ಅಗ್ನಿಶಾಮಕ ದಳದ ಹೋಸ್ ಪೈಪು ಎಷ್ಟು ನೀರು ಸುರಿಯುತ್ತದೆ ಅಂತ ಒಮ್ಮೆ ನೋಡಬೇಕು.

ತನಿಖೆಯಲ್ಲಿ 80ಕ್ಕೂ ಹೆಚ್ಚು ನಿಯಮ ಉಲ್ಲಂಘನೆಗಳು, ಜೋಡಣೆಯ ತಪ್ಪುಗಳು ಪಟ್ಟಿ ಆದವು. ತೂತು ಮುಚ್ಚದ್ದು, ಡ್ಯಾಂಪರ್ ಬಿಗಿದದ್ದು, ವೈರಿಂಗ್ ತಪ್ಪು, ಇಂಥವು. ಇವು ಯಾವುವೂ ಕಾಗದದಲ್ಲಿ ಒಪ್ಪಿಗೆ ಪಡೆದವಲ್ಲ, ಕೆಲಸ ಮಾಡಿದವರ ಮತ್ತು ತಪಾಸಣೆ ಮಾಡದವರ ತಪ್ಪು. ಆದರೆ ಸ್ಪ್ರಿಂಕ್ಲರ್ ಇಲ್ಲದ್ದು ಉಲ್ಲಂಘನೆಯೇ ಆಗಿರಲಿಲ್ಲ. ಅದಕ್ಕೆ ಮುದ್ರೆ ಬಿದ್ದ ಅನುಮತಿ ಇತ್ತು. ಹಾಗಾಗಿ ನಂತರದ ವರ್ಷಗಳಲ್ಲಿ ಎಷ್ಟು ಸಲ ತಪಾಸಣೆಗೆ ಬಂದಿದ್ದರೂ, ಅನುಮೋದಿತ ನಕ್ಷೆಗೆ ಹೋಲಿಸಿ ನೋಡಿದರೆ ಎಲ್ಲವೂ ಸರಿ ಅಂತಲೇ ಕಾಣುತ್ತಿತ್ತು.

ಮೊಕದ್ದಮೆಗಳು ಸಾಲುಗಟ್ಟಿದವು. ಹೋಟೆಲ್, ಗುತ್ತಿಗೆದಾರರು, ವಸ್ತು ತಯಾರಿಸಿದ ಕಂಪನಿಗಳು ಎಲ್ಲ ಸೇರಿ ಕಟ್ಟಿದ ಪರಿಹಾರ ನಿಧಿ 22.3 ಕೋಟಿ ಡಾಲರ್. ಉಳಿಸಿದ್ದು 1,92,000. ಬೆಂಕಿ ಆದ ಮೇಲೆ ಹೋಟೆಲ್ ಕಂಪನಿ ಹಿಂದಿನ ದಿನಾಂಕದಿಂದ ಜಾರಿಗೆ ಬರುವ ಇನ್ಶೂರೆನ್ಸ್ ಕೂಡ ಕೊಂಡುಕೊಂಡಿತು. ಪರಿಹಾರ ಕೊಡುವುದು ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಪ್ರೀಮಿಯಂ ಹಣಕ್ಕೆ ಬಡ್ಡಿ ಬರುತ್ತದೆ ಅಂತ ವಿಮೆಯವರ ಲೆಕ್ಕ ಇತ್ತು. ವಿಮೆ ಓದುವವರು ಇವತ್ತಿಗೂ ಅದನ್ನು ಉದಾಹರಣೆಯಾಗಿ ಓದುತ್ತಾರೆ. ಅದು ಬೇರೆಯೇ ಕಥೆ, ಇಲ್ಲಿಗೆ ಬಿಡುತ್ತೇನೆ.

ಹಳೆ ಕಟ್ಟಡಕ್ಕೆ ಹೊಸ ನಿಯಮ

ಎಂಜಿಎಂ ಗಾಯ ಆರುವ ಮೊದಲೇ, 1981ರ ಫೆಬ್ರವರಿ 10ರಂದು, ಅದೇ ಊರಿನ ಲಾಸ್ ವೇಗಸ್ ಹಿಲ್ಟನ್ ಹೋಟೆಲ್‌ನಲ್ಲಿ ಬೆಂಕಿ. 8ನೇ ಅಂತಸ್ತಿನ ಲಿಫ್ಟ್ ಮುಂದಿನ ಜಾಗದಲ್ಲಿ ಬೇಕಂತಲೇ ಹಚ್ಚಿದ್ದು. ಜ್ವಾಲೆ ಕಿಟಕಿಯಿಂದ ಹೊರಗೆ ಬಂದು, ಮೇಲಿನ ಕಿಟಕಿಯಿಂದ ಒಳಗೆ ನುಗ್ಗಿ, ಹೀಗೆ ಅಂತಸ್ತಿನಿಂದ ಅಂತಸ್ತಿಗೆ ಹೊರಗೋಡೆಯ ಮೇಲೆ ಹತ್ತಿತು. 8 ಜನ ಸತ್ತರು. ಎರಡೂ ಹೋಟೆಲ್‌ಗಳಿಗೆ ಅನ್ವಯಿಸುತ್ತಿದ್ದದ್ದು ಅವುಗಳನ್ನು ಕಟ್ಟಿದ ಕಾಲದ ನಿಯಮವೇ ಅನ್ನುವುದು ಎಲ್ಲರಿಗೂ ಆಗ ಕಣ್ಣಿಗೆ ಹೊಡೆಯಿತು.

ಕಟ್ಟಡ ನಿಯಮಗಳಲ್ಲಿ ಎಲ್ಲೆಡೆ ಒಂದು ರೂಢಿ ಇದೆ. ನಿಯಮ ಬದಲಾದರೆ ಅದು ಮುಂದೆ ಕಟ್ಟುವವರಿಗೆ. ಈಗಾಗಲೇ ನಿಂತಿರುವ ಕಟ್ಟಡ ತನ್ನ ಕಾಲದ ನಿಯಮ ಪಾಲಿಸಿದ್ದರೆ ಸಾಕು. ಮಾಲೀಕರ ಕಡೆಯಿಂದ ನೋಡಿದರೆ ಇದು ನ್ಯಾಯ ಅನ್ನಿಸುತ್ತದೆ, ಪ್ರತಿ ಸಲ ನಿಯಮ ಬದಲಾದಾಗ ಗೋಡೆ ಒಡೆಯಲು ಆಗುತ್ತದಾ? ಲಾಸ್ ವೇಗಸ್ ಇರುವ ನೆವಾಡಾ ರಾಜ್ಯ ಈ ರೂಢಿಯನ್ನು 1981ರಲ್ಲಿ ಮುರಿಯಿತು. ರಾಜ್ಯಪಾಲರು ಒಂದು ಆಯೋಗ ನೇಮಿಸಿದರು, ಶಾಸನಸಭೆ ಕಾನೂನು ಮಾಡಿತು: 55 ಅಡಿಗಿಂತ ಎತ್ತರದಲ್ಲಿ ಜನ ಇರುವ ಕಟ್ಟಡಗಳು ಹಳೆಯವೇ ಆಗಿರಲಿ, ಸ್ಪ್ರಿಂಕ್ಲರ್ ಹಾಕಲೇಬೇಕು. ಜೊತೆಗೆ ಹೊಗೆ ಗುರುತಿಸುವ ವ್ಯವಸ್ಥೆ, ಧ್ವನಿಯಲ್ಲಿ ಸೂಚನೆ ಕೊಡುವ ಅಲಾರಂ. ಸಾರ್ವಜನಿಕರು ಸೇರುವ ದೊಡ್ಡ ಹಾಲ್‌ಗಳಿಗೂ ಇದೇ ಕಟ್ಟುಪಾಡು.

ಆಗುವುದಿಲ್ಲ, ವ್ಯಾಪಾರ ಮುಳುಗುತ್ತದೆ ಅಂತ ಗೊಣಗಾಟ ಇಲ್ಲದೇ ಇರಲಿಲ್ಲ. ಆದರೆ ಕೆಲಸ ಆಯಿತು. ಹಳೆ ಹೋಟೆಲ್‌ಗೆ ಸ್ಪ್ರಿಂಕ್ಲರ್ ಹಾಕುವುದು ಅಂದುಕೊಂಡಷ್ಟು ದೊಡ್ಡ ಒಡೆದಾಟ ಅಲ್ಲ. ಪಡಸಾಲೆಯ ಚಾವಣಿಯಡಿ ಒಂದು ಪೈಪು ಎಳೆದು, ಪ್ರತಿ ಕೋಣೆಗೆ ಬಾಗಿಲ ಮೇಲಿನ ಗೋಡೆಯಿಂದ ಅಡ್ಡಕ್ಕೆ ನೀರು ಹೊಡೆಯುವ ತಲೆ ಕೂರಿಸುತ್ತಾರೆ. ಒಂದೊಂದೇ ಅಂತಸ್ತು ಖಾಲಿ ಮಾಡಿಸಿ ಮುಗಿಸುತ್ತಾರೆ. ಎಂಜಿಎಂ ಕಟ್ಟಡವೇ 1981ರ ಬೇಸಿಗೆಯಲ್ಲಿ ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್, ಹೊಸ ಅಲಾರಂ ಹಾಕಿಸಿಕೊಂಡು ಮತ್ತೆ ತೆರೆಯಿತು. ಇವತ್ತಿಗೂ ನಿಂತಿದೆ, ಹೆಸರು ಬೇರೆ. ಈಗಿನ ಎಂಜಿಎಂ ಗ್ರ್ಯಾಂಡ್ ಅದೇ ರಸ್ತೆಯಲ್ಲಿರುವ ಇನ್ನೊಂದು ಕಟ್ಟಡ.

ಅಮೆರಿಕದ ಕೇಂದ್ರ ಸರ್ಕಾರ 1990ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಷ್ಟರಲ್ಲಿ ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೋ ದ್ವೀಪದ ಡ್ಯೂಪಾಂಟ್ ಪ್ಲಾಜಾ ಹೋಟೆಲ್‌ನಲ್ಲಿ 1986ರ ಕೊನೆಯ ದಿನ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತಿದ್ದರು. ಸ್ಥಳೀಯ ನಿಯಮದ ಮೇಲೆ ಕೈ ಹಾಕದೆ, ಸರ್ಕಾರಿ ನೌಕರರು ಸರ್ಕಾರಿ ಖರ್ಚಿನಲ್ಲಿ ಪ್ರಯಾಣಿಸುವಾಗ ಉಳಿಯುವ ಹೋಟೆಲ್‌ಗಳಲ್ಲಿ ಸ್ಮೋಕ್ ಡಿಟೆಕ್ಟರ್ ಇರಬೇಕು, ಮೂರು ಅಂತಸ್ತಿಗಿಂತ ಎತ್ತರವಾದರೆ ಸ್ಪ್ರಿಂಕ್ಲರ್ ಇರಬೇಕು ಅಂತ ಕಾನೂನು ತಂದರು. ಗಿರಾಕಿ ಕೈ ತಪ್ಪುತ್ತಾನೆ ಅಂದರೆ ಹೋಟೆಲ್‌ನವರು ತಾವಾಗಿ ಹಾಕಿಸುತ್ತಾರೆ ಅನ್ನುವ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಯೋಚನೆ.

ನಮ್ಮ ಕಡೆ

ನಮ್ಮಲ್ಲೂ ನಿಯಮದ ರಚನೆ ಅಲ್ಲಿಗಿಂತ ತೀರಾ ಬೇರೆ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ, 2016ರ ಆವೃತ್ತಿಯ 4ನೇ ಭಾಗ ಪೂರ್ತಿ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಆದರೆ ಅದು ತಾನಾಗಿ ಕಾನೂನಲ್ಲ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಒಪ್ಪಿಕೊಂಡಷ್ಟೇ ಅದಕ್ಕೆ ಬಲ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮ ಇದೆ. ಎತ್ತರದ ಕಟ್ಟಡಕ್ಕೆ ಕಟ್ಟುವ ಮೊದಲು ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಮುಗಿದ ಮೇಲೆ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಯಾವ ಕಟ್ಟಡಕ್ಕೆ ಸ್ಪ್ರಿಂಕ್ಲರ್, ಯಾವುದಕ್ಕೆ ಡಿಟೆಕ್ಟರ್ ಅನ್ನುವುದು ಮುಖ್ಯವಾಗಿ ಎರಡು ವಿಷಯದ ಮೇಲೆ ನಿಲ್ಲುತ್ತದೆ: ಎತ್ತರ ಎಷ್ಟು, ಬಳಕೆ ಏನು. ವಾಸದ ಮನೆ, ಆಸ್ಪತ್ರೆ, ಹೋಟೆಲ್, ಕಚೇರಿ, ಗೋದಾಮು ಪ್ರತಿಯೊಂದಕ್ಕೂ ಬೇರೆ ಪಟ್ಟಿ.

ಎತ್ತರ ಬದಲಾಗುವುದಿಲ್ಲ, ಬದಲಾದರೆ ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ಬಳಕೆ ಬದಲಾದದ್ದು ಯಾರಿಗೂ ಕಾಣುವುದಿಲ್ಲ. ಕಚೇರಿ ಅಂತ ಒಪ್ಪಿಗೆ ಪಡೆದ ಅಂತಸ್ತಿನಲ್ಲಿ ಕೋಚಿಂಗ್ ಕ್ಲಾಸ್ ಶುರುವಾಗುತ್ತದೆ. ವಾಹನ ನಿಲ್ಲಿಸಲು ಅಂತ ತೋರಿಸಿದ ಬೇಸ್‌ಮೆಂಟ್ ಗೋದಾಮಾಗುತ್ತದೆ. ತೆರೆದ ತಾರಸಿಗೆ ಶೀಟು ಹೊದಿಸಿ, ಗ್ಯಾಸ್ ಸಿಲಿಂಡರ್ ಇಟ್ಟು ರೆಸ್ಟೋರೆಂಟ್ ಮಾಡುತ್ತಾರೆ. ಎನ್‌ಒಸಿ ಮಾತ್ರ ಹಳೆಯದೇ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿರುತ್ತಾರೆ. ಡೆಲಿ ರಾತ್ರಿ ಬಾಗಿಲು ಹಾಕಿದಾಗ ಆದದ್ದೂ ಇದೇ ಅಲ್ವಾ?

ಹೊಗೆ ಶಾಫ್ಟ್‌ನಲ್ಲಿ ಹೇಗೆ ಹತ್ತುತ್ತದೆ ಅನ್ನುವುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ ಹೋಗುವ ಶಾಫ್ಟ್‌ನಲ್ಲಿ ಬೆಂಕಿ ಹತ್ತಿ, ಹೊಗೆ ಮೇಲಿನ ಕಚೇರಿಗಳಿಗೆ ತುಂಬಿತು. 9 ಜನ ಸತ್ತರು. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಮಕ್ಕಳನ್ನು ಕಳೆದುಕೊಂಡ ಕುಟುಂಬದವರು ಕೈಕಟ್ಟಿ ಕೂರಲಿಲ್ಲ, ಬಿಯಾಂಡ್ ಕಾರ್ಲ್‌ಟನ್ ಅನ್ನುವ ಸಂಸ್ಥೆ ಕಟ್ಟಿಕೊಂಡು ಇವತ್ತಿಗೂ ಅಗ್ನಿ ಸುರಕ್ಷತೆಗಾಗಿ ಹೋರಾಡುತ್ತಿದ್ದಾರೆ.

ಎರಡು ಬದಲಾವಣೆ ಆಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿನಾಯಿತಿ ಅಥವಾ ಸಡಿಲಿಕೆ ಕೊಟ್ಟಾಗ ಯಾವ ಬಳಕೆಯನ್ನು ನಂಬಿ ಕೊಟ್ಟದ್ದು ಅಂತ ಅದೇ ಕಾಗದದಲ್ಲಿ ಬರೆಯಬೇಕು, ಆ ಬಳಕೆ ಬದಲಾದ ದಿನವೇ ವಿನಾಯಿತಿ ರದ್ದು ಅಂತಲೂ ಬರೆಯಬೇಕು. ಆ ಕಾಗದ ಯಾವುದೋ ಕಡತದಲ್ಲಿ ಮುಚ್ಚಿ ಕೂರಬಾರದು, ಆ ಜಾಗವನ್ನು ಬಾಡಿಗೆಗೆ ತೆಗೆದುಕೊಳ್ಳುವವರ ಕೈಗೆ ಕರಾರು ಪತ್ರದ ಜೊತೆಗೇ ಸಿಗಬೇಕು. ಇನ್ನೊಂದು, ಟ್ರೇಡ್ ಲೈಸೆನ್ಸ್ ಕೊಡುವಾಗಲೇ ಎನ್‌ಒಸಿಯಲ್ಲಿರುವ ಬಳಕೆಗೂ ಈಗ ಕೇಳುತ್ತಿರುವ ಬಳಕೆಗೂ ತಾಳೆ ನೋಡಬೇಕು. ಇದಕ್ಕೆ ಹೊಸ ಕಚೇರಿ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಒಂದು ಕಾಗದವನ್ನು ಇನ್ನೊಂದು ಕಾಗದದ ಪಕ್ಕ ಇಟ್ಟು ಓದಿದರೆ ಸಾಕು.

ನೀವು ಅಪಾರ್ಟ್‌ಮೆಂಟ್ ಸಂಘದಲ್ಲೋ, ಕಚೇರಿ ಆಡಳಿತದಲ್ಲೋ ಇದ್ದರೆ ಈ ವಾರವೇ ಕೆಲವು ಕೆಲಸ ಮಾಡಬಹುದು. ಎನ್‌ಒಸಿ ಪ್ರತಿ ತೆಗೆಸಿ ಅದರಲ್ಲಿ ಯಾವ ಅಂತಸ್ತು ಯಾವ ಬಳಕೆಗೆ ಅಂತ ಬರೆದಿದೆ ಓದಿ, ನಂತರ ಆ ಅಂತಸ್ತಿಗೆ ಹೋಗಿ ನೋಡಿ. ಪಂಪ್ ರೂಮಿಗೆ ಹೋಗಿ ಫೈರ್ ಪಂಪಿನ ಸ್ವಿಚ್ ಆಟೋದಲ್ಲಿದೆಯಾ, ಸ್ಪ್ರಿಂಕ್ಲರ್ ಲೈನಿನ ವಾಲ್ವ್ ತೆರೆದಿದೆಯಾ ನೋಡಿ. ಎಷ್ಟೋ ಕಡೆ ಸೋರುತ್ತದೆ ಅಂತ ವಾಲ್ವ್ ಮುಚ್ಚಿ, ಮರೆತು ಬಿಟ್ಟಿರುತ್ತಾರೆ. ಬಣ್ಣ ಬಳಿಯುವಾಗ ಡಿಟೆಕ್ಟರ್‌ಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇದ್ದರೆ ತೆಗೆಸಿ. ಅಲಾರಂ ಪ್ಯಾನೆಲ್ ಮುಂದೆ ನಿಂತು, ರಾತ್ರಿ ಎರಡು ಗಂಟೆಗೆ ಇದು ಕೂಗಿದರೆ ಯಾರಾದರೂ ಬಟನ್ ಒತ್ತಬೇಕಾ ಅಥವಾ ಇಡೀ ಕಟ್ಟಡಕ್ಕೆ ತಾನಾಗಿ ಕೇಳಿಸುತ್ತದಾ ಅಂತ ಸೆಕ್ಯುರಿಟಿಯವರನ್ನು ಕೇಳಿ. ಬಟನ್ ಒತ್ತಬೇಕು ಅಂದರೆ ಅಲಾರಂ ಕಂಪನಿಯವರನ್ನು ಕರೆಸಿ, ತಾನಾಗಿ ಕೂಗುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಳ್ಳಿ.